ಬೆಂಗಳೂರಿನಲ್ಲಿ ಮರುಹುಟ್ಟು ಪಡೆದ ಬಾಂಬರುಗಳು

ಹೈದರಾಲಿಯು ೧೭೬೩ರಲ್ಲಿ ಬಿದನೂರನ್ನು ಗೆದ್ದಾಗ ಕೆಳದಿಯ ಅರಸರ ಭಂಡಾರದೊಡನೆ ಘಟ್ಟದ ಕೆಳಗಿನ ಬಂದರುಗಳೂ ಅವನ ಕೈಗೆ ಬಂದವು. ಮಂಗಳೂರು, ಭಟ್ಕಳ, ಹೊನ್ನಾವರ, ಕುಮಟೆಯ ಬಳಿಯ ಮಿರ್ಜಾನ, ಇವೆಲ್ಲ ಮೈಸೂರಿಗೆ ಸೇರಿದವು. ಕಡಲನ್ನೇ ಕಾಣದ ರಾಜ್ಯಕ್ಕೆ ಒಮ್ಮೆಗೇ ಕಡಲು ದೊರೆತಂತಾಯಿತು. ಹೈದರನು ಸುಮ್ಮನೆ ಕೂಡುವವನಲ್ಲ. ಹಡಗುಪಡೆ ಕಟ್ಟಲು ಹೊರಟ. ಆ ಕಾಲದಲ್ಲಿ ಯುದ್ಧದ ಅತಿ ದೊಡ್ಡ ಯಂತ್ರವೆಂದರೆ ಫಿರಂಗಿಗಳನ್ನು ಹೊತ್ತ ಹಡಗು. ಅದಕ್ಕೆ ಬೇಕಾದದ್ದು ಸಾಗವಾನಿ ಮರ, ಕಬ್ಬಿಣ, ಬಡಗಿ, ಆಳವಾದ ಅಳಿವೆ. ಮರ ಘಟ್ಟದ ಕಾಡಿನಲ್ಲಿತ್ತು, ಅಳಿವೆ ಹೊನ್ನಾವರದಲ್ಲಿತ್ತು. ಆದ್ದರಿಂದ ಯುದ್ಧದ ಕಾರಖಾನೆಗೆ ಕರಾವಳಿಯೇ ತಕ್ಕ ಜಾಗವೆಂಬುದರಲ್ಲಿ ಅಂದು ಯಾರಿಗೂ ಸಂಶಯವಿರಲಿಲ್ಲ.

ಇದಾದ ನೂರೆಪ್ಪತ್ತೇಳು ವರ್ಷಗಳ ತರುವಾಯ, ೧೯೪೦ರಲ್ಲಿ, ಅದೇ ಮೈಸೂರು ಮತ್ತೊಮ್ಮೆ ಯುದ್ಧಯಂತ್ರವನ್ನು ಕಟ್ಟುವ ಕೆಲಸಕ್ಕೆ ಕೈಹಾಕಿತು. ಈ ಸಲ ಹಡಗಲ್ಲ, ವಿಮಾನ. ಜಾಗವೂ ಕಡಲ ದಂಡೆಯಲ್ಲ, ಕಡಲಿನಿಂದ ಮೂರು ಸಾವಿರ ಅಡಿ ಎತ್ತರದ ಬೆಂಗಳೂರು. ಹೊನ್ನಾವರ, ಕುಮಟೆ, ಭಟ್ಕಳಗಳು ಆಗ ಮುಂಬಯಿ ಪ್ರಾಂತದ ಕಾರವಾರ ಜಿಲ್ಲೆಯವು. ಶರಾವತಿಯ ಒಂದು ದಡ ಮುಂಬಯಿಯದು, ಇನ್ನೊಂದು ದಡ ಮೈಸೂರಿನದು ಎನ್ನುವಂತೆ ಗಡಿ ಹಾದುಹೋಗಿತ್ತು. ಹೀಗಾಗಿ ಮೈಸೂರಿಗೆ ಕಡಲಿರಲಿಲ್ಲ. ಇದ್ದಿದ್ದರೂ ಕಾರಖಾನೆಯನ್ನು ಅಲ್ಲಿ ಕಟ್ಟುತ್ತಿರಲಿಲ್ಲವೆಂಬುದು ನಿಜ. ಕಡಲೆಂಬುದು ಆ ವೇಳೆಗೆ ಶತ್ರು ಬರುವ ಹಾದಿಯಾಗಿತ್ತು.

ಈ ಮಾತು ಬರಿಯ ಊಹೆಯಲ್ಲ. ೧೯೪೨ರ ಏಪ್ರಿಲ್ ೬ರಂದು ಜಪಾನಿನ ವಿಮಾನಗಳು ಪೂರ್ವ ಕರಾವಳಿಯ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಪಶ್ಚಿಮದಲ್ಲಿ ಬಾಂಬು ಬೀಳಲಿಲ್ಲವಾದರೂ ಅರಬ್ಬೀ ಸಮುದ್ರದಲ್ಲಿ ಜಲಾಂತರ್ಗಾಮಿಗಳ ಹಾವಳಿ ಇತ್ತು. ಕಾರವಾರ ದಾಟಿದರೆ ಗೋವೆ. ಅಲ್ಲಿಯ ಮುರ್ಮುಗೋವೆ ಬಂದರಿನಲ್ಲಿ ಪೋರ್ಚುಗೀಸರ ತಟಸ್ಥ ನೀತಿಯ ಆಶ್ರಯ ಪಡೆದು ಮೂರು ಜರ್ಮನ್ ಹಡಗುಗಳೂ ಒಂದು ಇಟಲಿಯ ಹಡಗೂ ನಿಂತಿದ್ದವು. ಅವುಗಳಲ್ಲಿ ‘ಎರೆನ್‌ಫೆಲ್ಸ್’ ಎಂಬ ಹಡಗಿನಿಂದ ಜಲಾಂತರ್ಗಾಮಿಗಳಿಗೆ ನಿಸ್ತಂತು ಸುದ್ದಿ ಹೋಗುತ್ತಿದೆಯೆಂದು ಬ್ರಿಟಿಷರ ಸಂಶಯ. ೧೯೪೩ರ ಮಾರ್ಚಿನ ಒಂದು ರಾತ್ರಿ ಕಲಕತ್ತೆಯ ವ್ಯಾಪಾರಿ ಸಾಹೇಬರ ಒಂದು ಮಧ್ಯವಯಸ್ಕ ತಂಡ ದೋಣಿಯಲ್ಲಿ ಬಂದು ಅದನ್ನು ಹತ್ತಿತು. ಬೆಳಗಾಗುವುದರೊಳಗೆ ನಾಲ್ಕೂ ಹಡಗುಗಳು ಉರಿದು ಮುಳುಗಿದ್ದವು. ಈ ಸಂಗತಿ ಎಷ್ಟೋ ವರ್ಷ ಗುಟ್ಟಾಗಿಯೇ ಉಳಿದಿತ್ತು. ಕುಮಟೆ ಹೊನ್ನಾವರಗಳ ಮೀನುಗಾರರು ಬಲೆ ಬೀಸುತ್ತಿದ್ದ ನೀರಿಗೂ ಮಹಾಯುದ್ಧಕ್ಕೂ ಇದ್ದ ಅಂತರ ಇಷ್ಟೇ ಎಂದು ತೋರಿಸುವುದಕ್ಕಾಗಿ ಇದನ್ನು ಹೇಳಿದೆ.

ಇನ್ನು ಬೆಂಗಳೂರಿಗೆ ಬರೋಣ. ಈ ಕಾರಖಾನೆಯ ಮೂಲಪುರುಷ ಸೊಲ್ಲಾಪುರದ ವಾಲಚಂದ ಹೀರಾಚಂದರು. ಸಿಂಧಿಯಾ ಹಡಗು ಕಂಪನಿಯ ಮೂಲಕ ಪಶ್ಚಿಮ ಕರಾವಳಿಯ ಬಂದರುಗಳಲ್ಲೆಲ್ಲ ಕೇಳಿಬರುತ್ತಿದ್ದ ಹೆಸರು ಅದು. ಇಂಗ್ಲಿಷರ ಹಡಗು ಕಂಪನಿಗಳ ಏಕಸ್ವಾಮ್ಯದೊಡನೆ ೧೯೧೯ರಿಂದ ಗುದ್ದಾಡಿದವರು. ೧೯೩೯ರಲ್ಲಿ ಅವರು ಅಮೆರಿಕಕ್ಕೆ ಹೋಗಿದ್ದುದು ಮೋಟಾರು ಕಾರಿನ ಕಾರಖಾನೆಯ ಮಾತುಕತೆಗೆ. ಹಿಂದಿರುಗುವಾಗ ಶಾಂತಸಾಗರದ ಮೇಲೆ ಹಾರುವ ‘ಕ್ಲಿಪ್ಪರ್’ ವಿಮಾನದಲ್ಲಿ ವಿಲಿಯಂ ಪಾಲೀ ಎಂಬ ಅಮೆರಿಕನ್ ವರ್ತಕನ ಭೇಟಿಯಾಯಿತು. ಈತ ಚೀನಾ ಸರಕಾರಕ್ಕಾಗಿ ವಿಮಾನಗಳನ್ನು ಜೋಡಿಸಿಕೊಡುವ ಕಾರಖಾನೆ ನಡೆಸುತ್ತಿದ್ದವನು. ಜಪಾನೀಯರು ಮುಂದೊತ್ತಿದಂತೆಲ್ಲ ಆ ಕಾರಖಾನೆ ಹಾಂಗ್‌ಚೌದಿಂದ ಹಾಂಕೌಗೆ, ಹಾಂಕೌದಿಂದ ಬರ್ಮಾ ಗಡಿಯ ಲೋಯ್‌ವಿಂಗಿಗೆ ಗುಳೆ ಹೋಗಿತ್ತು. ಹಡಗಿನ ಮನುಷ್ಯ ವಿಮಾನದ ಮನುಷ್ಯನನ್ನು ಕೇಳಿದ: ಇಂಥದ್ದನ್ನು ಹಿಂದೂಸ್ಥಾನದಲ್ಲಿ ಏಕೆ ಕಟ್ಟಬಾರದು? ಪಾಲೀ ಆಗಬಹುದೆಂದ.

ಜಾಗ ಯಾವುದು? ಬ್ರಿಟಿಷ್ ಪ್ರಾಂತಗಳಿಗಿಂತ ದೇಶೀಯ ಸಂಸ್ಥಾನಗಳಲ್ಲಿ ಕೆಲಸ ಬೇಗ ಆದೀತೆಂಬುದು ವಾಲಚಂದರ ಲೆಕ್ಕ. ಕೆಲವು ಸಂಸ್ಥಾನಗಳನ್ನು ವಿಚಾರಿಸಿ ನೋಡಿದ ಮೇಲೆ ಮೈಸೂರಿಗೆ ಬಂದರು. ದಿವಾನರು ಸರ್ ಮಿರ್ಜಾ ಇಸ್ಮಾಯಿಲರು. ಮೈಸೂರಿಗೂ ಈ ವಿಷಯದಲ್ಲಿ ಒಂದು ಹಳೆಯ ಗಾಯವಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಮುಪ್ಪಿನ ವಯಸ್ಸಿನಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ತಂದ ಮೋಟಾರು ಕಾರಖಾನೆಯ ಯೋಜನೆಗೆ ಸಂಸ್ಥಾನದ ಬೆಂಬಲ ಸಿಗುವ ಹೊತ್ತಿಗೆ ಮೇಲಿನವರು ಅಡ್ಡ ಬಂದಿದ್ದರು. ಈಗ ಕೇಳಿದ್ದು ವಿಮಾನ. ಮೈಸೂರು ಇಪ್ಪತ್ತೈದು ಲಕ್ಷ ರೂಪಾಯಿಯ ಪಾಲು ಹಾಕಲು ಒಪ್ಪಿತು. ಬೆಂಗಳೂರಿನ ಪೂರ್ವಕ್ಕೆ ಸುಮಾರು ಏಳುನೂರು ಎಕರೆ ನೆಲವನ್ನೂ ಕೊಟ್ಟಿತು. ೧೯೪೦ರ ಡಿಸೆಂಬರ್ ೨೩ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಎಂಬ ಹೆಸರಿನಿಂದ ಕಂಪನಿ ದಾಖಲಾಯಿತು. ಅಧಿಕೃತ ಬಂಡವಾಳ ನಾಲ್ಕು ಕೋಟಿ. ದೊಮ್ಮಲೂರು ರಸ್ತೆಯ ‘ಈವನ್‌ಟೈಡ್’ ಎಂಬ ಬಂಗಲೆಯೇ ಮೊದಲ ಕಚೇರಿ.

ಬೆಂಗಳೂರನ್ನೇ ಆರಿಸಿದ್ದಕ್ಕೆ ಕಾರಣಗಳು ಹಲವು. ಹವೆ ತಂಪು, ವರ್ಷದ ಬಹುಭಾಗ ಆಕಾಶ ತಿಳಿ. ಶಿವನಸಮುದ್ರದ ವಿದ್ಯುತ್ತು ಅಗ್ಗವಾಗಿ ಸಿಗುತ್ತಿತ್ತು. ಟಾಟಾ ಇನ್‌ಸ್ಟಿಟ್ಯೂಟು ಎಂದು ಊರವರು ಕರೆಯುವ ವಿಜ್ಞಾನ ಮಂದಿರವಿತ್ತು. ರೈಲ್ವೆ, ಗಣಿ, ಮಗ್ಗ, ಸೋಪು, ಹೀಗೆ ಬಗೆಬಗೆಯ ಕಾರಖಾನೆಗಳಲ್ಲಿ ಪಳಗಿದ ಕೈಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ ಮೂರೂ ಕಡೆಯ ಕಡಲು ದೂರವಿತ್ತು.

ಮೊದಲ ವರ್ಷದ ಚಟುವಟಿಕೆಯನ್ನು ನೋಡಿದರೆ ಬೆರಗಾಗುತ್ತದೆ. ಅಮೆರಿಕದಿಂದ ಯಂತ್ರಗಳು ಬಂದವು, ಜನ ಬಂದರು. ಕಟ್ಟಬೇಕಾದ ವಿಮಾನಗಳು ಮೂರು ಬಗೆ: ಚಾಲಕರ ತರಬೇತಿಗೆ ಹಾರ್ಲೋ, ಕಾದಾಟಕ್ಕೆ ಕರ್ಟಿಸ್ ಹಾಕ್, ಬಾಂಬು ಹಾಕುವುದಕ್ಕೆ ವಲ್ಟೀ. ವಲ್ಟೀ ಒಂದೇ ಎಂಜಿನಿನ ಸಣ್ಣ ಬಾಂಬರು. ೧೯೪೧ರ ಮಾರ್ಚಿನಲ್ಲಿ ಭಾರತ ಸರಕಾರವೂ ಪಾಲುದಾರನಾಯಿತು. ಆ ವರ್ಷ ಮಳೆಗಾಲ ಮುಗಿಯುವ ಮೊದಲೇ ಹಾರ್ಲೋ ಹಾರಿತು. ೧೯೪೨ರ ಜುಲೈ ಕೊನೆಯಲ್ಲಿ ಮೊದಲ ಹಾಕ್ ವಿಮಾನವೂ ಹಾರಿತು. ಬಂಜರು ಬಯಲಿನಲ್ಲಿ ಬುನಾದಿ ತೋಡಿದ ಎರಡು ವರ್ಷದೊಳಗೆ ಇಷ್ಟು! ಇದರ ನಡುವೆ ಡಾಕ್ಟರ್ ವಿ. ಎಂ. ಘಾಟಗೆಯವರು ಹತ್ತು ಮಂದಿ ಕೂಡಬಹುದಾದ ಒಂದು ಗ್ಲೈಡರನ್ನು ತಾವೇ ರೂಪಿಸಿದರು. ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಪ್ರಾಂಡ್ಟ್‌ಲರಂಥ ಗುರುವಿನ ಬಳಿ ವಾಯುಗತಿಶಾಸ್ತ್ರ ಕಲಿತು ಬಂದವರು ಅವರು. ಪರದೇಶದ ನಕ್ಷೆಯ ಹಂಗಿಲ್ಲದೆ ಈ ನೆಲದಲ್ಲೇ ರೂಪು ತಳೆದ ಆ ಗ್ಲೈಡರಿನ ವಿಷಯವನ್ನು ಯುದ್ಧದ ಗದ್ದಲದಲ್ಲಿ ಕೇಳಿದವರು ಕಡಿಮೆ.

ಆದರೆ ಕಥೆ ಇಲ್ಲಿಂದ ಬೇರೆ ದಾರಿ ಹಿಡಿಯಿತು. ಬರ್ಮಾ ಬಿದ್ದಿತು, ಲೋಯ್‌ವಿಂಗಿನ ಕಾರಖಾನೆಯೂ ಹೋಯಿತು, ಅಲ್ಲಿಯ ಜನ ಬೆಂಗಳೂರಿಗೆ ಬಂದರು. ಜಪಾನೀಯರು ಬಾಗಿಲಿಗೇ ಬಂದಿರುವಾಗ ಖಾಸಗಿಯವರ ಕೈಯಲ್ಲಿ ವಿಮಾನದ ಕಾರಖಾನೆ ಇರುವುದು ಸರಿಯಲ್ಲವೆಂದು ೧೯೪೨ರ ಏಪ್ರಿಲಿನಲ್ಲಿ ಸರಕಾರ ವಾಲಚಂದರ ಪಾಲನ್ನು ಕೊಂಡು ಆಡಳಿತ ವಹಿಸಿಕೊಂಡಿತು. ಮೈಸೂರು ತನ್ನ ಪಾಲನ್ನು ಇಟ್ಟುಕೊಂಡಿತು, ಆದರೆ ಯುದ್ಧ ಮುಗಿಯುವ ತನಕ ಆಡಳಿತದಲ್ಲಿ ಮಾತಾಡುವುದಿಲ್ಲವೆಂದು ಒಪ್ಪಿತು. ಇನ್ನೊಂದು ತೀರ್ಮಾನವೂ ಆಯಿತು: ಹೊಸ ವಿಮಾನ ಕಟ್ಟುವುದು ಸಾಕು, ಕೆಟ್ಟುಬಂದ ವಿಮಾನಗಳನ್ನು ರಿಪೇರಿ ಮಾಡಿ.

ಲೆಕ್ಕಾಚಾರದ ದೃಷ್ಟಿಯಿಂದ ಈ ತೀರ್ಮಾನ ತಪ್ಪೆಂದು ಹೇಳುವುದು ಕಷ್ಟ. ತಗಡು, ಎಂಜಿನು, ಉಪಕರಣ ಎಲ್ಲವೂ ಅಮೆರಿಕದಿಂದಲೇ ಹಡಗಿನಲ್ಲಿ ಬರಬೇಕು. ಅಷ್ಟು ಸಾಮಾನು ತಂದು ಇಲ್ಲಿ ಒಂದು ವಿಮಾನ ಕಟ್ಟುವುದಕ್ಕಿಂತ ಅಲ್ಲಿ ಕಟ್ಟಿದ ವಿಮಾನವನ್ನೇ ಹಾರಿಸಿ ತರುವುದು ಲೇಸು. ರಣರಂಗಕ್ಕೆ ಬೇಕಾದದ್ದು ನಾಳೆಯ ಹೊಸ ವಿಮಾನವಲ್ಲ, ಇಂದು ರೆಕ್ಕೆ ಹರಿದು ನಿಂತಿರುವ ವಿಮಾನ ನಾಳೆ ಹಾರುವುದು. ಇದೆಲ್ಲ ಸರಿ. ಆದರೂ ಆಸ್ಟ್ರೇಲಿಯ, ಕೆನಡಗಳಲ್ಲಿ ಅದೇ ಯುದ್ಧಕಾಲದಲ್ಲಿ ವಿಮಾನದ ಉದ್ಯಮ ಬೇರೂರಿತು. ಕೆನಡದಲ್ಲಂತೂ ಲ್ಯಾಂಕಾಸ್ಟರ್ ಎಂಬ ನಾಲ್ಕೆಂಜಿನಿನ ಹೆಬ್ಬಾಂಬರುಗಳು ತಯಾರಾದವು. ಹಿಂದೂಸ್ಥಾನಕ್ಕೆ ಮಾತ್ರ ರಿಪೇರಿಯ ಪಾಲು ಬಂದದ್ದರಲ್ಲಿ ರಣತಂತ್ರವೆಷ್ಟು, ಆಳುವವರ ಮನಸ್ಸಿನ ಹಿಂಜರಿತವೆಷ್ಟು ಎಂದು ವಾಚಕರೇ ತೂಗಿ ನೋಡಬಹುದು. ಹಿಂಜರಿತದ ತಕ್ಕಡಿಯೂ ಹಗುರವಾಗಿರಲಿಲ್ಲವೆಂದು ನನಗೆ ತೋರುತ್ತದೆ. ಹಾಕ್ ವಿಮಾನಗಳು ಬೆರಳೆಣಿಕೆಯಷ್ಟಾಗುವುದರೊಳಗೆ ಕೆಲಸ ನಿಂತಿತು. ವಲ್ಟೀ ಬಾಂಬರುಗಳ ಯೋಜನೆ ಪೂರ್ತಿಯಾಗಲೇ ಇಲ್ಲ.

೧೯೪೩ರ ಸೆಪ್ಟೆಂಬರಿನಲ್ಲಿ ಕಾರಖಾನೆ ಅಮೆರಿಕದ ವಾಯುಸೇನೆಯ ವಶಕ್ಕೆ ಹೋಯಿತು. ಎಂಬತ್ತನಾಲ್ಕನೆಯ ಏರ್ ಡಿಪೊ ಎಂದು ಅದಕ್ಕೆ ಹೊಸ ಹೆಸರು. ಮೊದಲು ಬಂದದ್ದು ಕ್ಯಾಟಲೈನಾ ಎಂಬ ನೀರುವಿಮಾನ. ನೀರಿನ ಮೇಲೆ ಇಳಿಯುವ ವಿಮಾನಕ್ಕೆ ಕಡಲಿಲ್ಲದ ಬೆಂಗಳೂರಿನಲ್ಲಿ ಜಾಗವೆಲ್ಲಿ? ಬೆಳ್ಳಂದೂರು ಕೆರೆಯೇ ಬಂದರಾಯಿತು! ಸುತ್ತಲಿನ ಗದ್ದೆಗಳಿಗೆ ನೀರುಣಿಸುತ್ತಿದ್ದ ಆ ಕೆರೆ ಈಗ ನೊರೆಗೂ ಬೆಂಕಿಗೂ ಹೆಸರಾಗಿದೆ. ಅಂದು ಹಿಂದೂ ಮಹಾಸಾಗರವನ್ನು ಕಾಯುವ ವಿಮಾನಗಳು ಅದರಲ್ಲಿ ಇಳಿಯುತ್ತಿದ್ದವೆಂದರೆ ನಂಬುವುದು ಕಷ್ಟ. ಆಮೇಲೆ ಸಾಲುಸಾಲಾಗಿ ಡಕೋಟ, ಮಿಚೆಲ್, ಕೊನೆಗೆ ಎಲ್ಲಕ್ಕಿಂತ ದೊಡ್ಡದಾದ ಲಿಬರೇಟರ್. ಭಾರತ ಬರ್ಮಾ ರಣರಂಗದಲ್ಲಿ ಹಾರುತ್ತಿದ್ದ ಪ್ರತಿಯೊಂದು ಜಾತಿಯ ವಿಮಾನವೂ ಬೆಂಗಳೂರಿನ ಬಾಗಿಲಿಗೆ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಅದು ಪೂರ್ವ ದೇಶಗಳಲ್ಲೇ ಅತಿ ದೊಡ್ಡ ರಿಪೇರಿ ಕೇಂದ್ರಗಳಲ್ಲಿ ಒಂದಾಗಿತ್ತು.

ಲಿಬರೇಟರಿನ ಬಗೆಗೆ ನಾಲ್ಕು ಮಾತು ಹೇಳಬೇಕು. ಅಮೆರಿಕದ ಕಾನ್ಸಾಲಿಡೇಟೆಡ್ ಕಂಪನಿ ರೂಪಿಸಿದ ಇದು ಮೊದಲು ಹಾರಿದ್ದು ೧೯೩೯ರ ಡಿಸೆಂಬರಿನಲ್ಲಿ. ರೆಕ್ಕೆಯ ತುದಿಯಿಂದ ತುದಿಗೆ ನೂರಹತ್ತು ಅಡಿ. ಉದ್ದ ಅರವತ್ತೇಳು ಅಡಿ. ಸಾವಿರದ ಇನ್ನೂರು ಕುದುರೆಬಲದ ಎಂಜಿನುಗಳು ನಾಲ್ಕು. ಒಳಗೆ ಎಂಟು ಹತ್ತು ಮಂದಿ. ಹೊಟ್ಟೆಯ ಕೆಳಗಿನ ಬಾಂಬಿನ ಬಾಗಿಲು ನಮ್ಮ ಪೇಟೆಯ ಅಂಗಡಿಗಳ ಸುರುಳಿ ಬಾಗಿಲಿನಂತೆ ಮೇಲಕ್ಕೆ ಸುತ್ತಿಕೊಳ್ಳುತ್ತಿತ್ತು. ನೋಡಲು ಅಂದವಿಲ್ಲ, ಹಾರುವ ಸರಕಿನ ಡಬ್ಬಿಯೆಂದು ಹಾಸ್ಯ ಮಾಡಿದವರೂ ಉಂಟು. ಬಹುದೂರ ಹೋಗಬಲ್ಲದೆಂಬುದೇ ಅದರ ಗುಣ. ಅಟ್ಲಾಂಟಿಕ್ಕಿನ ನಡುಗಡಲಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಬೇಟೆಯಾಡಿದ್ದು, ಬಂಗಾಳದಿಂದ ಹೊರಟು ರಂಗೂನು, ಬರ್ಮಾ ಸಯಾಮಿನ ರೈಲುದಾರಿಗಳವರೆಗೆ ಹೋಗಿ ಬಾಂಬು ಹಾಕಿ ಬಂದದ್ದು ಇದೇ. ಕೆಳಗೆ ಆ ರೈಲುದಾರಿ ಹಾಕುತ್ತಿದ್ದವರಲ್ಲಿ ಜಪಾನೀಯರು ಸೆರೆಹಿಡಿದ ಸೈನಿಕರೂ ಮಲಯದ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳೂ ಇದ್ದರೆಂಬುದನ್ನು ಬಾಂಬರಿನ ಪೌರುಷ ಹೊಗಳುವಾಗ ಮರೆಯಬಾರದು.

ಇಂಥ ಯಂತ್ರವನ್ನು ಅಮೆರಿಕ ಎಷ್ಟು ಕಟ್ಟಿತು ಗೊತ್ತೇ? ಹದಿನೆಂಟು ಸಾವಿರಕ್ಕೂ ಹೆಚ್ಚು. ಡೆಟ್ರಾಯಿಟಿನ ಬಳಿ ವಿಲೋ ರನ್ ಎಂಬಲ್ಲಿ ಫೋರ್ಡ್ ಕಂಪನಿ ಹೊಲದ ನಡುವೆ ಒಂದು ಮಹಾ ಕಾರಖಾನೆ ಎಬ್ಬಿಸಿತು. ಮೋಟಾರು ಕಾರನ್ನು ಜೋಡಿಸುವಂತೆಯೇ ಬಾಂಬರನ್ನೂ ಸಾಲಿನ ಮೇಲೆ ಜೋಡಿಸುವುದು ಅವರ ಹಟ. ಕಾರಿಗೂ ವಿಮಾನಕ್ಕೂ ಅಜಗಜಾಂತರ. ಒಂದು ಲಿಬರೇಟರಿಗೆ ಬೇಕಾಗುವ ರಿವೆಟುಗಳೇ ಮೂರು ಲಕ್ಷಕ್ಕೂ ಮೇಲೆ. ಮೊದಮೊದಲು ಕೆಲಸ ಏಳದೆ, ಆ ಕಾರಖಾನೆ ನಡೆದೀತೇ ಎಂದು ಅಮೆರಿಕದವರೇ ಅದರ ಹೆಸರಿನ ಮೇಲೆ ಶ್ಲೇಷೆ ಮಾಡಿ ನಕ್ಕರು. ೧೯೪೪ರ ವೇಳೆಗೆ ನಗು ನಿಂತಿತು. ಗಂಟೆಗೊಂದರಂತೆ ಬಾಂಬರುಗಳು ಹೊರಬೀಳತೊಡಗಿದ್ದವು. ಯುದ್ಧ ಮುಗಿಯುವುದರೊಳಗೆ ಫೋರ್ಡ್ ಒಂದೇ ಸುಮಾರು ಆರು ಸಾವಿರದ ಎಂಟುನೂರು ಪೂರ್ಣ ಬಾಂಬರುಗಳನ್ನು ಕೊಟ್ಟಿತ್ತು. ರಿವೆಟು ಹೊಡೆದವರಲ್ಲಿ ಹೆಂಗಸರು ಸಾವಿರಾರು.

ಬೆಂಗಳೂರಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧ ಬಗೆಯ ಕೆಲಸ. ವಿಲೋ ರನ್ನಿನ ಕೆಲಸಗಾರ ಜೀವಮಾನವೆಲ್ಲ ಒಂದೇ ತೂತಿಗೆ ಒಂದೇ ರಿವೆಟು ಹಾಕಿದರೆ ಸಾಕು. ಇಡೀ ವಿಮಾನ ಹೇಗಿದೆಯೆಂದು ಅವನಿಗೆ ತಿಳಿಯಬೇಕಾಗಿಲ್ಲ. ರಿಪೇರಿಯವನ ಗತಿ ಬೇರೆ. ಬರುವ ಪ್ರತಿಯೊಂದು ವಿಮಾನದ ರೋಗವೂ ಬೇರೆ. ಒಂದರ ರೆಕ್ಕೆಗೆ ಗುಂಡು ತಗುಲಿದೆ, ಇನ್ನೊಂದರ ಎಂಜಿನು ಬರ್ಮಾದ ಧೂಳು ಕುಡಿದಿದೆ, ಮತ್ತೊಂದರ ಮೂಗು ನೆಲಕ್ಕೆ ಬಡಿದು ಜಜ್ಜಿದೆ. ಬಿಚ್ಚಬೇಕು, ತೊಳೆಯಬೇಕು, ಅಳೆಯಬೇಕು, ಸವೆದದ್ದನ್ನು ಬದಲಿಸಬೇಕು, ಇಲ್ಲದ ಭಾಗವನ್ನು ತಗಡು ಕತ್ತರಿಸಿ ಮಾಡಿಕೊಳ್ಳಬೇಕು. ಹೀಗೆ ಬಿಚ್ಚಿ ಕಟ್ಟುವುದರಲ್ಲಿ ಬೆಂಗಳೂರಿನ ಸಾವಿರಾರು ಫಿಟ್ಟರುಗಳೂ ತಗಡಿನ ಕೆಲಸದವರೂ ಅಮೆರಿಕದ ವಿಮಾನಗಳ ನರನಾಡಿಗಳನ್ನು ತಿಳಿದುಕೊಂಡರು. ವಿಮಾನ ಕಟ್ಟುವ ಅವಕಾಶ ಕಿತ್ತುಕೊಂಡವರು ಅರಿವಿಲ್ಲದೆ ವಿಮಾನದ ವಿದ್ಯೆಯನ್ನು ಕೊಟ್ಟುಹೋದರು. ಈ ವಿದ್ಯೆಯ ಬೆಲೆ ಮೂರು ವರ್ಷಗಳ ಮೇಲೆ ಗೊತ್ತಾಯಿತು.

೧೯೪೫ರಲ್ಲಿ ಯುದ್ಧ ನಿಂತಿತು. ಬ್ರಿಟಿಷ್ ವಾಯುಸೇನೆ ಹಾರಿಸುತ್ತಿದ್ದ ಲಿಬರೇಟರುಗಳು ಅಮೆರಿಕದಿಂದ ಕಡ ತಂದವು. ಲೆಂಡ್ ಲೀಸ್ ಎಂಬ ಆ ಒಪ್ಪಂದದ ಪ್ರಕಾರ ಯುದ್ಧ ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕು, ಇಲ್ಲವೆ ನಾಶ ಮಾಡಬೇಕು. ಹಿಂದಕ್ಕೆ ಒಯ್ದರೆ ಅಮೆರಿಕಕ್ಕೂ ಬೇಡ. ಆದ್ದರಿಂದ ಕಾನ್ಪುರದ ಚಕೇರಿ ವಿಮಾನನಿಲ್ದಾಣದಲ್ಲಿ ಸುಮಾರು ನೂರು ಲಿಬರೇಟರುಗಳನ್ನು ಸಾಲಾಗಿ ನಿಲ್ಲಿಸಿ ಕೆಡಿಸಿದರು. ಗಡಿಯಾರದಂಥ ಉಪಕರಣಗಳನ್ನು ಒಡೆದರು. ಮೈಯ ತಗಡಿಗೆ ತೂತು ಹೊಡೆದರು. ಎಂಜಿನಿನೊಳಗೆ ಮರಳು ಸುರಿದರು. ಸಾಲದೆಂದು ಭಾರದ ಗಾಡಿಗಳಿಂದ ಗುದ್ದಿದರು. ಇನ್ನು ಇವು ಯಾರಿಗೂ ದಕ್ಕವೆಂದು ಕೈತೊಳೆದುಕೊಂಡು ಹೊರಟುಹೋದರು. ಮೂರು ಮಳೆಗಾಲ ಆ ರಾಶಿಯ ಮೇಲೆ ಹೋಯಿತು, ಹುಲ್ಲು ಬೆಳೆಯಿತು.

ಸ್ವತಂತ್ರ ಭಾರತಕ್ಕೆ ಹುಟ್ಟಿದೊಡನೆಯೇ ಕಾಶ್ಮೀರದ ಯುದ್ಧ ಬಂತು. ಇಬ್ಭಾಗವಾದ ವಾಯುಸೇನೆಯಲ್ಲಿ ದೊಡ್ಡ ಬಾಂಬರು ಒಂದೂ ಇರಲಿಲ್ಲ. ಹೊರಗೆ ಕೊಳ್ಳಲು ಹಣವೂ ಇಲ್ಲ, ಮಾರುವವರೂ ಇಲ್ಲ. ಆಗ ಯಾರಿಗೋ ಚಕೇರಿಯ ಗುಜರಿ ನೆನಪಾಯಿತು. ಪರದೇಶದ ತಜ್ಞರನ್ನು ಕೇಳಿದರೆ ಇವು ಮತ್ತೆ ಹಾರುವ ಮಾತೇ ಇಲ್ಲವೆಂದರು. ೧೯೪೮ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟಿನವರು ಹೋಗಿ ನೋಡಿ ಬಂದರು, ಆದೀತು ಎಂದರು. ಬೇರೆಯವರಿಗೆ ಅದು ಮುರುಕು ಲೋಹದ ಗುಡ್ಡ. ಇವರ ಕಣ್ಣಿಗೆ ಒಂದರ ರೆಕ್ಕೆ, ಇನ್ನೊಂದರ ಬಾಲ, ಮೂರನೆಯದರ ಎಂಜಿನು ಬೇರೆಬೇರೆಯಾಗಿ ಕಂಡಿರಬೇಕು. ಇಂಥ ನೋಟ ಕಾರಖಾನೆಯ ಸಾಲಿನಲ್ಲಿ ಬರುವಂಥದಲ್ಲ; ರಿಪೇರಿಯ ಅಂಗಳದಲ್ಲಿ ಮಾತ್ರ ಬರುವಂಥದು.

ಮಾಡಿದ ಕ್ರಮ ಹೀಗೆ: ರಾಶಿಯಲ್ಲಿ ಗಟ್ಟಿಯಾಗಿರುವುದನ್ನು ಆರಿಸಿ, ಪಕ್ಕದ ವಿಮಾನಗಳಿಂದ ಭಾಗಗಳನ್ನು ಕಿತ್ತು ಜೋಡಿಸಿ, ಕಾನ್ಪುರದಲ್ಲೇ ಹೇಗಾದರೂ ಒಂದು ಸಲ ಹಾರುವಷ್ಟು ಮಾಡುವುದು. ಆಮೇಲೆ ಹಾರಿಸಿಕೊಂಡು ಬೆಂಗಳೂರಿಗೆ ತಂದು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದು. ಆ ನಡುವಿನ ಒಂದು ಹಾರಾಟವೇ ಪ್ರಾಣಕ್ಕೆ ಬರುವಂಥದು. ಕಾನ್ಪುರದಿಂದ ಬೆಂಗಳೂರಿಗೆ ನೇರ ದಾರಿಯಲ್ಲೇ ಸಾವಿರದ ಐನೂರು ಕಿಲೋಮೀಟರ್. ನಡುವೆ ವಿಂಧ್ಯ, ಸಾತ್ಪುಡ, ದಖ್ಖನಿನ ಬಯಲು. ತೇಪೆ ಹಾಕಿದ ಮೈ, ಮರಳು ತೊಳೆದ ಎಂಜಿನು. ಇದನ್ನು ತಂದವರು ಕಂಪನಿಯ ಪರೀಕ್ಷಾ ಚಾಲಕ ಕ್ಯಾಪ್ಟನ್ ಜಮ್‌ಶೇದ್ ಮುನ್ಶಿಯವರು. ಅವರು ಮೊದಲು ಲಿಬರೇಟರನ್ನು ನಡೆಸಿದವರೇ ಅಲ್ಲ, ಕಲಿಸುವವರೂ ಇರಲಿಲ್ಲ. ಪುಸ್ತಕ ನೋಡಿ ಕಲಿತು ಹತ್ತಿದರು. ಜತೆಗೆ ಬಂದವರು ಕಂಪನಿಯ ಎಂಜಿನಿಯರುಗಳು, ತಾವು ಜೋಡಿಸಿದ್ದರ ಮೇಲೆ ತಾವೇ ಪ್ರಾಣವಿಟ್ಟು ಕುಳಿತವರು. ಮುನ್ಶಿಯವರು ಒಂದಾದ ಮೇಲೊಂದು ವಿಮಾನವನ್ನು ಬೆಂಗಳೂರಿನಲ್ಲಿ ಕ್ಷೇಮವಾಗಿ ಇಳಿಸಿದರು. ೧೯೫೧ರ ಆಗಸ್ಟಿನಲ್ಲಿ ಘಾಟಗೆಯವರು ರೂಪಿಸಿದ ಎಚ್.ಟಿ.-೨ ಎಂಬ ತರಬೇತಿ ವಿಮಾನವನ್ನು ಮೊದಲ ಸಲ ಹಾರಿಸಿದವರೂ ಅವರೇ.

೧೯೪೮ರ ನವೆಂಬರ್ ೨ರಂದು ಕಾನ್ಪುರದಲ್ಲಿ ಭಾರತೀಯ ವಾಯುಸೇನೆಯ ಐದನೆಯ ಸ್ಕ್ವಾಡ್ರನ್ ಈ ಲಿಬರೇಟರುಗಳೊಡನೆ ಹುಟ್ಟಿತು. ನಮ್ಮ ದೇಶದ ಮೊದಲ ಹೆಬ್ಬಾಂಬರು ದಳ. ಹೀಗೆ ಎದ್ದುನಿಂತ ಲಿಬರೇಟರುಗಳ ಸಂಖ್ಯೆ ನಲವತ್ತನ್ನು ದಾಟಿತು. ಹಳೆಯ ಒಡೆಯರು ಇದನ್ನು ಕೇಳಿ ಹುಬ್ಬೇರಿಸಿರಬೇಕು. ಕೆಡಿಸುವುದೂ ಒಂದು ಕೆಲಸವೇ, ಅದನ್ನೂ ಮನಸ್ಸಿಟ್ಟು ಮಾಡಬೇಕು!

ಹೊನ್ನಾವರದವರಿಗೆ ಈ ಕಥೆಯಲ್ಲಿ ಒಂದು ಪಾಲಿದೆ; ಬಹುಮಂದಿ ಗಮನಿಸದ ಪಾಲು. ಗೇರುಸೊಪ್ಪೆಯ ಜಲಪಾತವೆಂದು ಹಿಂದಿನವರು ಕರೆಯುತ್ತಿದ್ದ ಜೋಗದಲ್ಲಿ ವಿದ್ಯುತ್ ತೆಗೆಯುವ ಕೆಲಸಕ್ಕೆ ೧೯೩೯ರಲ್ಲಿ ಅಡಿಗಲ್ಲು ಬಿದ್ದಿತ್ತು. ಯುದ್ಧ ಬಂದು, ಪರದೇಶದ ಯಂತ್ರಗಳು ಬರುವುದು ತಡವಾಗಿ, ಅದು ನಡೆದದ್ದು ೧೯೪೮ರ ಫೆಬ್ರವರಿಯಲ್ಲಿ. ಗಾಂಧೀಜಿ ತೀರಿಕೊಂಡು ಮೂರು ವಾರವಾಗಿತ್ತು. ಮಹಾರಾಜರ ಹೆಸರಿನಲ್ಲಿ ಆರಂಭವಾದ ಕೇಂದ್ರಕ್ಕೆ ಮಹಾತ್ಮರ ಹೆಸರು ಬಂತು. ಅಲ್ಲಿಯ ವಿದ್ಯುತ್ತು ತಂತಿಯ ಮೇಲೆ ಪೂರ್ವಕ್ಕೆ ಸಾಗಿ ಭದ್ರಾವತಿಯ ಕಬ್ಬಿಣದ ಕುಲುಮೆಗಳನ್ನೂ ಬೆಂಗಳೂರಿನ ಜಾಲವನ್ನೂ ಸೇರಿತು. ಶಿವನಸಮುದ್ರ, ಶಿಂಷಾಗಳ ಜತೆಗೆ ಶರಾವತಿಯೂ ರಾಜಧಾನಿಯ ಕಾರಖಾನೆಗಳನ್ನು ನಡೆಸತೊಡಗಿದ ವರ್ಷವೂ, ಚಕೇರಿಯ ಬಾಂಬರುಗಳು ಬೆಂಗಳೂರಿಗೆ ಇಳಿಯತೊಡಗಿದ ವರ್ಷವೂ ಒಂದೇ. ಯಂತ್ರವನ್ನು ತಿರುಗಿಸಿ ಬಿಟ್ಟ ನೀರು ಎಂದಿನಂತೆ ಗೇರುಸೊಪ್ಪೆಗೆ ಇಳಿದು ಹೊನ್ನಾವರದ ಅಳಿವೆಯಲ್ಲಿ ಕಡಲು ಸೇರುತ್ತಿತ್ತು. ಹೈದರನ ಕಾಲದಲ್ಲಿ ಘಟ್ಟದ ಮರ ಕೆಳಗಿಳಿದು ಬಂದು ಹಡಗಾಗುತ್ತಿತ್ತು. ಈಗ ನದಿಯ ಶಕ್ತಿ ಮೇಲೇರಿ ಹೋಯಿತು. ಆ ಬೆಳಕು ದಡದ ಹಳ್ಳಿಗಳಿಗೆ ಬಂದದ್ದು ಎಷ್ಟು ತಡವಾಗಿ ಎಂಬುದು ಬೇರೆ ಮಾತು, ಅದನ್ನು ಹೇಳಹೊರಟರೆ ಇನ್ನೊಂದು ಲೇಖನವಾದೀತು.

ದೂರದ ಯುದ್ಧಗಳು ಈ ಕರಾವಳಿಯನ್ನು ಮುಟ್ಟಿಹೋದದ್ದು ಅದೇ ಮೊದಲಲ್ಲ. ೧೮೬೧ರಲ್ಲಿ ಅಮೆರಿಕದ ಒಳಯುದ್ಧ ಹತ್ತಿದಾಗ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತುಹೋಗಿ ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂದಿತ್ತು. ಮುಂಬಯಿಯ ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ನಿಂತಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಬೆಂಗಳೂರಿನ ಕಾರಖಾನೆಗೂ ೧೯೪೫ರಲ್ಲಿ ಅದೇ ಗತಿ ಬಂದೀತೆಂದು ಭಯವಿತ್ತು. ಅಮೆರಿಕನ್ನರು ಹೊರಟುಹೋದ ಮೇಲೆ ಕೆಲಸವಿಲ್ಲದೆ ಅಲ್ಲಿ ರೈಲಿನ ಡಬ್ಬಿಗಳನ್ನು, ಬಸ್ಸಿನ ಮೈಗಳನ್ನು ಕಟ್ಟಿದರು. ಬಾಂಬರಿಗೆ ರಿವೆಟು ಹೊಡೆದ ಕೈ ಮೂರನೆಯ ದರ್ಜೆಯ ಡಬ್ಬಿಗೂ ಹೊಡೆಯಿತು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆ ಡಬ್ಬಿಗಳು ಕೆಲಸವನ್ನೂ ಕೆಲಸಗಾರರನ್ನೂ ಉಳಿಸಿದವು. ಅವರು ಚದುರಿಹೋಗಿದ್ದರೆ ೧೯೪೮ರಲ್ಲಿ ಚಕೇರಿಗೆ ಕಳುಹಿಸಲು ಯಾರಿದ್ದರು?

ಲಿಬರೇಟರುಗಳು ಮುಂದೆ ಇಪ್ಪತ್ತು ವರ್ಷ ದುಡಿದವು. ಬಾಂಬರಾಗಿ ಅವುಗಳ ಕಾಲ ೧೯೫೦ರ ದಶಕದ ಕೊನೆಯಲ್ಲಿ ಕ್ಯಾನ್‌ಬೆರಾ ಜೆಟ್ ಬಂದಾಗ ತೀರಿತು. ಆರನೆಯ ಸ್ಕ್ವಾಡ್ರನ್ ಮಾತ್ರ ಪುಣೆಯನ್ನು ನೆಲೆಯಾಗಿಸಿಕೊಂಡು ಅವುಗಳಲ್ಲಿ ಕಡಲು ಕಾಯುವ ಕೆಲಸ ನಡೆಸಿತು. ಹೀಗೆ ಬೆಂಗಳೂರು ಮರುಹುಟ್ಟು ಕೊಟ್ಟ ಬಾಂಬರುಗಳು ಕೊನೆಗೆ ಅರಬ್ಬೀ ಸಮುದ್ರದ ಕಾವಲಿಗೆ ಬಂದವು. ೧೯೬೮ರ ಕೊನೆಯ ದಿನ ಅವುಗಳಿಗೆ ನಿವೃತ್ತಿಯಾಯಿತು. ಆ ಹೊತ್ತಿಗೆ ಅಮೆರಿಕದಲ್ಲಿ ತಾವೇ ಕಟ್ಟಿದ ಹದಿನೆಂಟು ಸಾವಿರದಲ್ಲಿ ತೋರಿಸಲು ಉಳಿದವು ಕೈಬೆರಳಿನಷ್ಟೂ ಇರಲಿಲ್ಲ. ಎಲ್ಲವನ್ನೂ ಕರಗಿಸಿ ಪಾತ್ರೆ ಪಡಗ ಮಾಡಿಬಿಟ್ಟಿದ್ದರು.

ಆಮೇಲೆ ಪತ್ರಗಳು ಬರತೊಡಗಿದವು. ಕೆನಡದವರು ಒಂದನ್ನು ಕೇಳಿ ಒಯ್ದರು. ಅಮೆರಿಕದ ಅರಿಜೋನದ ಸಂಗ್ರಹಾಲಯಕ್ಕೆ ಒಂದು ಹೋಯಿತು. ಬ್ರಿಟಿಷ್ ವಾಯುಸೇನೆಯ ಸಂಗ್ರಹಾಲಯಕ್ಕೆ ೧೯೭೪ರಲ್ಲಿ ಭಾರತ ಒಂದನ್ನು ದಾನವಾಗಿ ಕೊಟ್ಟಿತು. ೧೯೪೪ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತಿನಲ್ಲಿ ಹುಟ್ಟಿ, ಬ್ರಿಟಿಷರ ಕೈಯಲ್ಲಿ ಹಾರಿ, ಬೆಂಗಳೂರಿನ ದೆಸೆಯಿಂದ ಬದುಕಿ ಉಳಿದ ಇನ್ನೊಂದು ಲಿಬರೇಟರ್ ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನ ಮಾರ್ಗವಾಗಿ ಅಮೆರಿಕ ಸೇರಿ, ೧೯೮೯ರಲ್ಲಿ ಹುಟ್ಟಿದ ದೇಶದ ಆಕಾಶದಲ್ಲಿ ಮತ್ತೆ ಹಾರಿತು. ನಮ್ಮಲ್ಲಿ ಉಳಿದದ್ದನ್ನು ನೋಡಬೇಕೆಂಬವರು ದೆಹಲಿಯ ಪಾಲಂನಲ್ಲಿರುವ ವಾಯುಸೇನೆಯ ಸಂಗ್ರಹಾಲಯಕ್ಕೆ ಹೋಗಬೇಕು.